ಕಡಿಮೆ ಓಡಿದ ಕೇಮನ್ ಬೇಡವಾದದ್ದೇಕೆ: ಮೊದಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಒಂದು ಪ್ರಕರಣ

ಕೊಂಡವನು ನನ್ನ ಚಿಕ್ಕಪ್ಪನ ಮಗ. ನಲವತ್ತಮೂರು ವರ್ಷ, ಪೀಣ್ಯದಲ್ಲಿ ಸಣ್ಣದೊಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಯೂನಿಟ್ ನಡೆಸುತ್ತಾನೆ. ಅಲ್ಲಿಯವರೆಗೆ ಅವನು ಓಡಿಸಿದ್ದರಲ್ಲಿ ಜೋರಾದ ಗಾಡಿ ಎಂದರೆ ಒಂದು ಡೀಸೆಲ್ ಸೆಡಾನ್. 2025ರ ಬೇಸಿಗೆಯಲ್ಲಿ ಬಂದು ಕೇಳಿದ: "ಅಣ್ಣ, ಒಂದು ಪೋರ್ಷೆ ಕೇಮನ್ ನೋಡಿದ್ದೀನಿ. 2014ರ ಮಾಡೆಲ್, ನಲವತ್ತೆರಡು ಲಕ್ಷ ಹೇಳ್ತಿದ್ದಾರೆ. ಹದಿನಾಲ್ಕು ಸಾವಿರ ಕಿಲೋಮೀಟರ್ ಅಷ್ಟೇ ಓಡಿರೋದು. ಟೋಕನ್ ಕೊಟ್ಬಿಡ್ಲಾ?"

ಕೊಡಬೇಡ, ಮೊದಲು ನೋಡೋಣ ಎಂದೆ. ಹಳೆ ಗಾಡಿ ಕೊಳ್ಳುವವರ ಜೊತೆ ನೋಡಲು ಹೋಗುವುದು ನನಗೆ ಬಹಳ ವರ್ಷಗಳ ರೂಢಿ. ಇಂಥ ಕಾರಿಗೆ ಮೊದಲ ಸಲ ಕೈಹಾಕುವವರು ಎಲ್ಲಕ್ಕಿಂತ ಮೊದಲು ಓಡೋಮೀಟರ್‌ಗೆ ಮರುಳಾಗುತ್ತಾರೆ. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಆ ಒಂದು ಅಂಕಿ ಹೇಳುವುದು ಬಹಳ ಕಡಿಮೆ. ಯಾರ ಕೈಯಲ್ಲಿತ್ತು, ಎಲ್ಲಿ ನಿಂತಿತ್ತು, ಏನೇನು ಯಾವಾಗ ಬದಲಾಯಿಸಿದರು, ಕಾಗದಪತ್ರ ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ಸೇರಿದರೆ ಮಾತ್ರ ಕಾರು ಎಂಥದ್ದೆಂದು ತಿಳಿಯುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ.

ಕಾರಿನ ಆಯ್ಕೆಗೆ ನನ್ನ ತಕರಾರಿರಲಿಲ್ಲ. ಕೇಮನ್‌ನ 981 ತಲೆಮಾರು 2013ರಲ್ಲಿ ಬಂದದ್ದು. ಸೀಟುಗಳ ಬೆನ್ನಿಗೇ ಎಂಜಿನ್: 2.7 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲದೆ 275 ಅಶ್ವಶಕ್ತಿ. ಎಸ್ ಮಾದರಿಯಾದರೆ 3.4 ಲೀಟರ್, 325 ಅಶ್ವಶಕ್ತಿ. 2016ರಲ್ಲಿ 718 ಎಂಬ ಹೆಸರಿನಿಂದ ಬಂದ ಹೊಸ ಕೇಮನ್‌ಗೆ ನಾಲ್ಕು ಸಿಲಿಂಡರ್‌ನ ಟರ್ಬೊ ಎಂಜಿನ್ ಕೂರಿಸಿದರು. ಆರು ಸಿಲಿಂಡರ್ ಮುಂದೆ ಮರಳಿ ಬಂತಾದರೂ ದುಬಾರಿ ಮಾದರಿಗಳಲ್ಲಿ ಮಾತ್ರ. ಹಾಗಾಗಿ ಆ ಎಂಜಿನ್ನಿನ ಸದ್ದಿಗೆ ಮನಸೋತವರಿಗೆ ಕೈಗೆಟುಕುವ ದಾರಿ 981. ಅದಕ್ಕೂ ಹಿಂದಿನ 987 ಇನ್ನೂ ಅಗ್ಗ, ಆದರೆ 2008ರವರೆಗಿನ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ, ಎಂಜಿನ್ ಒಳಗೆ ತಿರುಗುವ ದಂಡದ ಬೇರಿಂಗ್ ಕೈಕೊಡುವ, ಸಿಲಿಂಡರ್ ಗೋಡೆಯಲ್ಲಿ ಗೀರು ಬೀಳುವ ಭಯ ಇದ್ದೇ ಇರುತ್ತದೆ. 2009ರ ಮಾದರಿಯಿಂದ ಬಂದ ಹೊಸ ವಿನ್ಯಾಸದಲ್ಲಿ ಆ ಶಾಫ್ಟೇ ಇಲ್ಲ. 981ರದ್ದು ಇದೇ ಸಾಲಿನ ಎಂಜಿನ್. ಇಷ್ಟನ್ನು ತಮ್ಮ ಓದಿಕೊಂಡೇ ಬಂದಿದ್ದ. ಅವನ ಕೈಯಲ್ಲಿದ್ದದ್ದು ಅರವತ್ತು ಲಕ್ಷ, ಸಾಲ ಮಾಡುವ ಯೋಚನೆ ಇರಲಿಲ್ಲ. ಆ ಅರವತ್ತರಲ್ಲಿ ಆರು ಲಕ್ಷವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಖಾತೆಗೆ ಹಾಕಿಸಿದೆ. ಅದನ್ನು ಮುಟ್ಟದೆ ಸಿಗುವ ಕಾರು ಮಾತ್ರ ನಮ್ಮದು ಎಂಬ ಷರತ್ತಿನ ಮೇಲೆ ಹುಡುಕಾಟ ಶುರುವಾಯಿತು.

ನಲವತ್ತೆರಡು ಲಕ್ಷದ ಕಾರು

ವ್ಯಾಪಾರಿಗೆ ಹಿಂದಿನ ದಿನವೇ ಫೋನ್ ಮಾಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿದ್ದೆ. ಪೋರ್ಷೆ ಗಾಡಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿರುವ, ಈಗ ಸ್ವಂತ ಗ್ಯಾರೇಜ್ ಇರುವ ಮೆಕ್ಯಾನಿಕ್ ಒಬ್ಬರನ್ನು ಶುಲ್ಕ ಕೊಟ್ಟು ಕರೆದುಕೊಂಡು ಹೋದೆವು. ಬೆಳಿಗ್ಗೆ ಹೋದಾಗ ಸೈಲೆನ್ಸರ್ ತುದಿ ಬೆಚ್ಚಗಿತ್ತು. "ತೊಳೆಯೋಕೆ ಅಂತ ಸ್ವಲ್ಪ ಮುಂದಕ್ಕೆ ತಂದ್ವಿ ಸಾರ್" ಎಂದರು. ತಣ್ಣಗಿರುವ ಎಂಜಿನ್ ಮೊದಲ ಸಲ ಹೊತ್ತಿಕೊಳ್ಳುವಾಗಿನ ಸದ್ದು ಮತ್ತು ಹೊಗೆ ಅರ್ಧ ಕತೆ ಹೇಳುತ್ತವೆ. ಅದು ಆ ದಿನ ನಮಗೆ ಸಿಗಲಿಲ್ಲ.

ಕಾರು ಮಾತ್ರ ಕಣ್ಣು ಕೋರೈಸುವಂತಿತ್ತು. ಕೆಂಪು ಬಣ್ಣ, ಕಪ್ಪು ಚರ್ಮದ ಸೀಟು, ಒಂದು ಗೀರಿಲ್ಲ. ಬಾನೆಟ್ಟನ್ನು ತಮ್ಮ ತೆಗೆದು ನೋಡಿದರೆ ಅಲ್ಲಿ ಲಗೇಜು ಇಡುವ ಜಾಗ. ಹಿಂದೆ ಡಿಕ್ಕಿ ತೆಗೆದರೆ ಅಲ್ಲೂ ಲಗೇಜು ಜಾಗವೇ. ಎಣ್ಣೆ ಮತ್ತು ಕೂಲೆಂಟ್ ಹುಯ್ಯುವ ಎರಡು ಮುಚ್ಚಳ ಬಿಟ್ಟರೆ ಎಂಜಿನ್ನಿನ ಸುಳಿವೇ ಇಲ್ಲ. ಎಣ್ಣೆ ಅಳೆಯುವ ಕಡ್ಡಿಯೂ ಇಲ್ಲ, ಮಟ್ಟವನ್ನು ಮೀಟರ್ ಪರದೆಯಲ್ಲೇ ನೋಡಬೇಕು. ಬಾನೆಟ್ ಎತ್ತಿ ಇಣುಕಿ, ಕಡ್ಡಿ ಎಳೆದು ಬೆರಳಿಗೆ ಎಣ್ಣೆ ಹಚ್ಚಿಕೊಂಡು ನೋಡುವ ನಮ್ಮ ಪರಿಪಾಠ ಇಲ್ಲಿ ನಡೆಯುವುದಿಲ್ಲ. ಲಿಫ್ಟ್‌ಗೆ ಏರಿಸಿ ಅಡಿಯ ಹೊದಿಕೆ ಬಿಚ್ಚಲೇಬೇಕು. ವ್ಯಾಪಾರಿ ಒಪ್ಪದಿದ್ದರೆ ಅಲ್ಲಿಗೇ ನಮಸ್ಕಾರ ಹೇಳಿ ಬರುವುದು ಒಳ್ಳೆಯದು. ಇವರು ಗೊಣಗುತ್ತಲೇ ಒಪ್ಪಿದರು.

ಟಯರ್‌ನಿಂದ ಶುರು ಮಾಡಿದೆವು. ಅಚ್ಚಿನ ಗೆರೆಗಳು ಆಳವಾಗಿಯೇ ಇದ್ದವು, ಹೊಸದರಂತೆ ಕಾಣುತ್ತಿದ್ದವು. ಪಕ್ಕದ ಗೋಡೆಯಲ್ಲಿ ತಯಾರಿಕೆಯ ನಾಲ್ಕಂಕಿ ಹುಡುಕಿದರೆ 3415. ಅಂದರೆ 2015ರ ಮೂವತ್ತನಾಲ್ಕನೇ ವಾರದ ಮಾಲು. ಹತ್ತು ವರ್ಷ ಹತ್ತಿರವಾದ ರಬ್ಬರ್ ಗಟ್ಟಿಯಾಗಿ, ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಎದ್ದಿದ್ದವು. 275 ಅಶ್ವಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಹೋಗುವ ಕಾರಿನಲ್ಲಿ, ಮಳೆ ಬಿದ್ದ ರಸ್ತೆಯಲ್ಲಿ, ಆ ಟಯರ್ ಮೇಲೆ ಜೀವ ಇಡಲಾಗದು. ಮುಂದಿನ ಟಯರ್ 235, ಹಿಂದಿನದು 265 ಮಿಲಿಮೀಟರ್ ಅಗಲವಾದ್ದರಿಂದ ಹಿಂದುಮುಂದು ಬದಲಾಯಿಸಿ ಕಾಲ ತಳ್ಳುವಂತೆಯೂ ಇಲ್ಲ.

ಬಣ್ಣದ ದಪ್ಪ ಅಳೆಯುವಾಗ ಇನ್ನೊಂದು ಸಂಗತಿ. ಪುಟ್ಟಿ ತುಂಬಿದೆಯೋ ಎಂದು ನೋಡಲು ಅಯಸ್ಕಾಂತ ಅಂಟಿಸುವ ಅಭ್ಯಾಸ ನಮ್ಮಲ್ಲಿದೆ. 981ರ ಬಾಗಿಲು, ಬಾನೆಟ್ ಎಲ್ಲ ಅಲ್ಯೂಮಿನಿಯಂ, ಅಯಸ್ಕಾಂತ ಅಂಟುವುದೇ ಇಲ್ಲ. ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಅಳೆಯುವ ಮೀಟರ್ ಬೇಕು. ಎಲ್ಲೆಡೆ 110, 120 ಮೈಕ್ರಾನ್ ತೋರಿಸಿದ ಮೀಟರ್ ಎಡ ಮುಂಭಾಗದ ಫೆಂಡರ್ ಮೇಲೆ 380 ತೋರಿಸಿತು. ಫ್ಯಾಕ್ಟರಿ ಬಣ್ಣ ಅಷ್ಟು ದಪ್ಪ ಇರುವುದಿಲ್ಲ. "ಗೇಟಿಗೆ ತಗುಲಿತ್ತು ಸಾರ್, ಬರೀ ಪೇಂಟ್" ಎಂದರು. ಇರಬಹುದು. ಬಣ್ಣ ಹೊಡೆಸಿದ್ದಕ್ಕೇ ಕಾರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಬಿಲ್ಲಿಲ್ಲ, ಹಳೆಯ ಫೋಟೋ ಇಲ್ಲ, ಇನ್ಶೂರೆನ್ಸ್ ಕ್ಲೇಮಿನ ವಿವರ ಇಲ್ಲ.

ನನ್ನ ಅನುಮಾನ ಹೆಚ್ಚಿದ್ದು ಮುಂದಿನ ಬಂಪರ್‌ನ ಎರಡು ಬದಿಯ ಗಾಳಿ ಕಿಂಡಿಗಳಿಗೆ ಟಾರ್ಚ್ ಬಿಟ್ಟಾಗ. ಎಂಜಿನ್ ಹಿಂದಿದ್ದರೂ ಈ ಕಾರಿನ ರೇಡಿಯೇಟರ್‌ಗಳು ಮುಂದೆ, ಆ ಕಿಂಡಿಗಳ ಒಳಗಿವೆ. ಅವುಗಳ ಮುಂದೆ ಎಸಿ ಕಂಡೆನ್ಸರ್. ರಸ್ತೆಯ ತರಗೆಲೆಯೆಲ್ಲ ಕಿಂಡಿಯಲ್ಲಿ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ತೆಗೆಯದಿದ್ದರೆ ಎಲೆ ಕೊಳೆತು, ಒದ್ದೆ ಹಿಡಿದುಕೊಂಡು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಇಲ್ಲಿ ಕಂಡದ್ದು ಸೋಸಿದ ಚಹಾ ಪುಡಿಯಂತೆ ಕಪ್ಪಗೆ ಗಟ್ಟಿಯಾಗಿ ಕೂತ ರಾಶಿ. ಮೆಕ್ಯಾನಿಕ್ ತೆಳ್ಳನೆಯ ಕಡ್ಡಿಯಿಂದ ಸ್ವಲ್ಪ ಕೆದಕಿ ತೆಗೆದು, ಅದರ ಹಿಂದಿದ್ದ ಕಂಡೆನ್ಸರಿನ ತೆಳು ಲೋಹದ ರೆಕ್ಕೆಗಳನ್ನು ತೋರಿಸಿದರು. ಬಿಳಿಚಿಕೊಂಡು, ಮುಟ್ಟಿದರೆ ಉದುರುತ್ತಿದ್ದವು. ಹೊರಗೆ ಮೂರು ಪದರ ಪಾಲಿಶ್ ಹೊಡೆಸಿದ ಕಾರಿನ ಬಂಪರ್ ಹಲವು ವರ್ಷಗಳಿಂದ ಬಿಚ್ಚಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಸ್ಕ್ಯಾನರ್ ಹಾಕಿದರು. ಪೋರ್ಷೆಯ ಎಂಜಿನ್ ಕಂಪ್ಯೂಟರ್ ಎರಡು ಉಪಯುಕ್ತ ಲೆಕ್ಕ ಇಟ್ಟುಕೊಳ್ಳುತ್ತದೆ. ಎಂಜಿನ್ ಮಿತಿ ಮೀರಿ ತಿರುಗಿದ ಸಂದರ್ಭಗಳನ್ನು ಆರು ಹಂತಗಳಲ್ಲಿ ಬರೆದಿಡುವುದು ಒಂದು, ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು ಇನ್ನೊಂದು. ಮೊದಲನೆಯದು ಮ್ಯಾನುಯಲ್ ಗೇರಿನ ಕಾರಿನಲ್ಲಿ ಬಹಳ ಮುಖ್ಯ, ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ಎಂಜಿನ್ ಒಳಗೆ ಏನಾಗುತ್ತದೆಂದು ಅದು ಬಯಲು ಮಾಡುತ್ತದೆ. ಈ ಕಾರಿನದು ಏಳು ಗೇರಿನ ಪಿಡಿಕೆ ಆಟೊಮ್ಯಾಟಿಕ್, ಅಂಥ ತಪ್ಪಿಗೆ ಅದು ಅವಕಾಶ ಕೊಡುವುದಿಲ್ಲ. ನಾವು ಕಣ್ಣಿಟ್ಟಿದ್ದು ಎರಡನೆಯ ಲೆಕ್ಕದ ಮೇಲೆ. ಮೀಟರಿನಲ್ಲಿ 14,200 ಕಿಲೋಮೀಟರ್. ಕಂಪ್ಯೂಟರಿನಲ್ಲಿ 1,480 ಗಂಟೆ.

ಭಾಗಿಸಿದರೆ ಸರಾಸರಿ ಗಂಟೆಗೆ ಹತ್ತು ಕಿಲೋಮೀಟರ್‌ಗಿಂತ ಕಡಿಮೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ಟ್ರಾಫಿಕ್ ಲೆಕ್ಕ ಹಿಡಿದರೂ ಒಂದು ಕಾರು ತನ್ನ ಇಡೀ ಆಯುಷ್ಯದಲ್ಲಿ ಅಷ್ಟು ನಿಧಾನ ಹೋಗಿರಲಾರದು. ವ್ಯಾಪಾರಿ ಒಂದು ಸಮಜಾಯಿಷಿ ಕೊಟ್ಟರು: ಕಾರು ಬೇಸ್‌ಮೆಂಟಿನಲ್ಲೇ ಇರುತ್ತಿತ್ತು, ವಾರಕ್ಕೊಮ್ಮೆ ಡ್ರೈವರ್ ಸ್ಟಾರ್ಟ್ ಮಾಡಿ ಬಿಡುತ್ತಿದ್ದ. ಆ ಮಾತನ್ನೇ ನಂಬಿ ಲೆಕ್ಕ ಹಾಕಿದೆವು. ವಾರಕ್ಕೆ ಅರ್ಧ ಗಂಟೆಯಂತೆ ಹತ್ತು ವರ್ಷ ನಿಂತಲ್ಲೇ ಓಡಿದ್ದರೂ 260 ಗಂಟೆ. ಅಷ್ಟನ್ನು ಕಳೆದ ಮೇಲೂ ಸರಾಸರಿ ಹನ್ನೆರಡು ಮುಟ್ಟುವುದಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿದ್ದರು ಎಂದು ನಾನು ಯಾರ ಮೇಲೂ ಆರೋಪ ಹೊರಿಸುವುದಿಲ್ಲ, ಆದರೆ ಆ 14,200 ಎಂಬ ಅಂಕಿಗೆ ಒಂದು ರೂಪಾಯಿ ಹೆಚ್ಚು ಕೊಡಲು ಕಾರಣ ಉಳಿಯಲಿಲ್ಲ. ಇನ್ನು, ಅವರು ಹೇಳಿದ್ದೇ ನಿಜವಾಗಿದ್ದರೆ ಅದೂ ಒಳ್ಳೆಯ ಸುದ್ದಿಯಲ್ಲ. ನಿಂತಲ್ಲೇ ಓಡಿದ ಎಂಜಿನ್ನಿನ ಎಣ್ಣೆ ಸರಿಯಾಗಿ ಕಾಯುವುದಿಲ್ಲ, ತೇವ ಮತ್ತು ಸುಡದ ಪೆಟ್ರೋಲು ಅದರಲ್ಲೇ ಉಳಿಯುತ್ತವೆ. ಸರ್ವಿಸ್ ಪುಸ್ತಕದಲ್ಲಿ 2017ರ ನಂತರ ಒಂದೂ ಮುದ್ರೆ ಇರಲಿಲ್ಲ.

ತಮ್ಮನ ಮುಖ ಬಾಡಿತು. "ಅಣ್ಣ, ಮೂವತ್ತೆಂಟಕ್ಕೆ ಕೇಳಿದ್ರೆ?" ಎಂದ. ಬೆಲೆ ಇಳಿಸಿಕೊಂಡು ರಿಪೇರಿ ಮಾಡಿಸುವ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಅದನ್ನು ಕೆಡಿಸಿದ್ದು ನಂಬರ್ ಪ್ಲೇಟು.

ಎಂಎಚ್ ಪ್ಲೇಟಿನ ಲೆಕ್ಕ

ಕಾರು ಮಹಾರಾಷ್ಟ್ರದ ನೋಂದಣಿ. ಬೆಂಗಳೂರಿನಲ್ಲಿ ಇಂಥ ಕಾರುಗಳು ಕಡಿಮೆ ಬೆಲೆಗೆ ಕಾಣಿಸಿಕೊಳ್ಳುವುದಕ್ಕೆ ದೊಡ್ಡ ಕಾರಣವೇ ಇದು. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18%, ಅದರ ಮೇಲೆ ಸೆಸ್. ಹೊರರಾಜ್ಯದಿಂದ ಬಂದ ಹಳೆ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಿದ್ದಾಗಿನ ಬೆಲೆಯಿಂದ. ಈ ಕಾರಿನ ಹಳೆಯ ಇನ್‌ವಾಯ್ಸ್ ಒಂದು ಕೋಟಿಯ ಆಸುಪಾಸು. ಹದಿನೆಂಟು ಲಕ್ಷದಲ್ಲಿ ವಯಸ್ಸಿನ ಕಡಿತ ಅರ್ಧಕ್ಕಿಂತ ಹೆಚ್ಚು ಸಿಕ್ಕರೂ ಎಂಟು ಲಕ್ಷದ ಹತ್ತಿರ ಕಟ್ಟಬೇಕು. ತಮ್ಮ ಹಿಡಿದಿದ್ದ ಲೆಕ್ಕ ನಲವತ್ತೆರಡು ಲಕ್ಷದ ಮೇಲೆ, ಅದೂ ಎಲ್ಲೋ ಓದಿದ ಕಡಿಮೆ ದರದಲ್ಲಿ.

"ಪ್ಲೇಟ್ ಹಾಗೇ ಇಟ್ಕೊಂಡು ಓಡಿಸಿ ಸಾರ್, ಎಲ್ರೂ ಓಡಿಸ್ತಾರೆ" ಎಂದು ವ್ಯಾಪಾರಿ ಹೇಳಿದರು. ಈ ಸಲಹೆ ಎಷ್ಟು ಅಪಾಯದ್ದು ಎಂಬುದು ಆ ವರ್ಷ ಎಲ್ಲರ ಕಣ್ಣೆದುರಿಗೆ ಬಂತು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಹೊರರಾಜ್ಯದ ಸುಮಾರು 30 ಐಷಾರಾಮಿ ಕಾರುಗಳನ್ನು ಹಿಡಿಯಿತು, ಅವುಗಳಲ್ಲಿ ಪೋರ್ಷೆಗಳೂ ಇದ್ದವು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿಯಿಂದ ದಂಡ ಸೇರಿ ಒಂದು ಕೋಟಿ ನಲವತ್ತು ಲಕ್ಷದ ಮೇಲೆ ವಸೂಲಾಯಿತು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಹನ್ನೆರಡು ತಿಂಗಳ ಮೇಲೆ ಬೇರೆ ರಾಜ್ಯದಲ್ಲಿ ಇಟ್ಟ ಗಾಡಿಗೆ ಅಲ್ಲಿನ ನಂಬರ್ ಪಡೆಯಲೇಬೇಕು. ಪೀಣ್ಯದಲ್ಲಿ ಫ್ಯಾಕ್ಟರಿ, ಬೆಂಗಳೂರಿನಲ್ಲಿ ಮನೆ ಇರುವವನು ತಾನು ಪ್ರವಾಸಕ್ಕೆ ಬಂದವನೆಂದು ಯಾರಿಗೆ ಹೇಳಿಯಾನು?

ಅದರ ಮೇಲೆ, ವಾಹನ್ ಎಂಬ ಸರ್ಕಾರಿ ಆನ್‌ಲೈನ್ ನೋಂದಣಿ ದಾಖಲೆಯಲ್ಲಿ ಕಾರಿನ ಮೇಲಿನ ಸಾಲದ ನಮೂದು ಇನ್ನೂ ಹಾಗೇ ಇತ್ತು. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಕೊಟ್ಟು ತೆಗೆಸಬೇಕಿತ್ತು. ಅದು ಆಗದೆ ಮಹಾರಾಷ್ಟ್ರದ ಆರ್‌ಟಿಒ ಫಾರಂ 28ರ ಎನ್‌ಒಸಿ ಕೊಡುವುದಿಲ್ಲ, ಎನ್‌ಒಸಿ ಇಲ್ಲದೆ ಇಲ್ಲಿ ಹೊಸ ನಂಬರಿಲ್ಲ. ಆರ್‌ಸಿಯಲ್ಲಿದ್ದ ಮೂರನೆಯ ಮಾಲೀಕರು ಊರಲ್ಲಿಲ್ಲ, ಫೋನಿಗೂ ಸಿಗುವುದಿಲ್ಲ ಎಂದರು.

ಟಯರ್, ಕಂಡೆನ್ಸರ್, ಪೂರ್ತಿ ಸರ್ವಿಸ್, ಟ್ಯಾಕ್ಸ್ ಎಲ್ಲ ಸೇರಿಸಿದಾಗ ನಲವತ್ತೆರಡು ಲಕ್ಷದ ಕಾರು ಐವತ್ತೈದನ್ನು ಮುಟ್ಟುತ್ತಿತ್ತು, ಎಂಜಿನ್ನಿನ ನಿಜವಾದ ವಯಸ್ಸು ಆಗಲೂ ತಿಳಿಯುತ್ತಿರಲಿಲ್ಲ. ತಮ್ಮ ಕಾಗದದ ಮೇಲೆ ತಾನೇ ಕೂಡಿಸಿ ನೋಡಿದ. ಆಮೇಲೆ ಆ ಕಾರಿನ ಮಾತೆತ್ತಲಿಲ್ಲ.

ಜಯನಗರದ ಕಾರು

ಎರಡು ತಿಂಗಳು ಏನೂ ಸಿಗಲಿಲ್ಲ. ಇಂಥ ಕಾರು ನಮ್ಮ ದೇಶದಲ್ಲಿ ಮಾರಾಟವಾದದ್ದೇ ಕಡಿಮೆ, ಮಾರಲು ಬರುವುದು ಇನ್ನೂ ಕಡಿಮೆ. ಕಾಯುವ ತಾಳ್ಮೆ ಇಲ್ಲದವರು ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಕೊನೆಗೆ ನಮ್ಮ ಮೆಕ್ಯಾನಿಕ್ ಮೂಲಕವೇ ಒಂದು ಸುಳಿವು ಸಿಕ್ಕಿತು: ಕೆಎ-05 ನೋಂದಣಿ, ಕಡು ನೀಲಿ, 2014ರದ್ದೇ, ಎರಡನೆಯ ಮಾಲೀಕರು, 46,300 ಕಿಲೋಮೀಟರ್, ಕೇಳುತ್ತಿದ್ದುದು ಐವತ್ತಾರು ಲಕ್ಷ.

ಮಾಲೀಕರು ಅರವತ್ತು ದಾಟಿದ ನಿವೃತ್ತ ಎಂಜಿನಿಯರ್. ಹೋದ ಕೂಡಲೇ ಕಾಫಿ ಕೊಟ್ಟು, ಎದುರಿಗೆ ಒಂದು ಫೈಲ್ ಇಟ್ಟರು. ಮೊದಲ ಮಾಲೀಕರ ಕಾಲದಿಂದ ಹಿಡಿದು ಪ್ರತಿ ವರ್ಷದ ಎಣ್ಣೆ ಬದಲಾವಣೆಯ ಬಿಲ್ಲು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್, ಬ್ಯಾಟರಿ, ಎರಡು ಸಲ ಬಂಪರ್ ಬಿಚ್ಚಿ ಎಲೆ ತೆಗೆದದ್ದಕ್ಕೆ ಪ್ರತ್ಯೇಕ ಬಿಲ್ಲು. ಮುಂದಿನ ಬಂಪರ್‌ಗೆ ಬಣ್ಣ ಹೊಡೆಸಿದ್ದು ಯಾವಾಗ, ಯಾಕೆ ಎಂದು ನಾವು ಕೇಳುವ ಮೊದಲೇ ಹೇಳಿದರು, ಫೋಟೋ ತೋರಿಸಿದರು. "ಗಾಡಿ ನಿನ್ನೆಯಿಂದ ಮುಟ್ಟಿಲ್ಲ. ನೀವೇ ಸ್ಟಾರ್ಟ್ ಮಾಡಿ ನೋಡಿ" ಎಂದು ಕೀಲಿ ತಮ್ಮನ ಕೈಗಿತ್ತರು. ಎರಡನೆಯ ಕೀಲಿಯೂ ಫೈಲಿನ ಜೊತೆಗೇ ಇತ್ತು.

ಎಂಜಿನ್ ತಣ್ಣಗಿದ್ದಾಗ ಒಂದು ಕ್ಷಣ ಜೋರಾಗಿ ಗುಡುಗಿ, ನಿಧಾನಕ್ಕೆ ಒಂದೇ ಲಯಕ್ಕೆ ಇಳಿಯಿತು. ನೀಲಿ ಹೊಗೆ ಇಲ್ಲ, ಟಿಕ್‌ಟಿಕ್ ಸದ್ದಿಲ್ಲ. ಕಂಪ್ಯೂಟರ್‌ನಲ್ಲಿ 1,790 ಗಂಟೆ, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ವಾರದ ದಿನ ಊರೊಳಗೆ ಸ್ವಲ್ಪ, ಭಾನುವಾರ ಬೆಳಿಗ್ಗೆ ಹೆದ್ದಾರಿ ಎಂದು ಅವರು ಹೇಳಿದ್ದಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಲಿಫ್ಟ್‌ಗೆ ಏರಿಸಿದಾಗ ದೋಷಗಳೂ ಕಂಡವು. ವಾಟರ್ ಪಂಪಿನ ಸುತ್ತ ಕೂಲೆಂಟ್ ಒಸರಿ ಒಣಗಿದ ಗುಲಾಬಿ ಕಲೆ. ಹಿಂದಿನ ಟಯರ್ ಎರಡೂ ಮುಗಿದಿದ್ದವು. ಮುಂಭಾಗದ ಕೆಳತುದಿ ಹಂಪ್‌ಗಳಿಗೆ ಉಜ್ಜಿ ಉಜ್ಜಿ ತರಿದುಹೋಗಿತ್ತು, ಬೆಂಗಳೂರಿನಲ್ಲಿ ನಿಜವಾಗಿ ಓಡಿದ ಕಾರಿಗೆ ಅದು ಇರಲೇಬೇಕು.

ನೈಸ್ ರೋಡಿನಲ್ಲಿ ಓಡಿಸಿ ನೋಡುವಾಗ ವೇಗಕ್ಕಿಂತ ನಿಧಾನವನ್ನೇ ಹೆಚ್ಚು ಪರೀಕ್ಷಿಸಿದೆವು. ಪಿಡಿಕೆ ಗೇರ್‌ಬಾಕ್ಸ್ ಸರಿಯಿಲ್ಲದಿದ್ದರೆ ಅದು ತೋರುವುದು ತೆವಳುವ ಟ್ರಾಫಿಕ್‌ನಲ್ಲಿ, ರ‍್ಯಾಂಪಿನ ಮೇಲೆ ರಿವರ್ಸ್ ಹಾಕಿದಾಗ. ನಡುಕವಾಗಲಿ, ತಡವಾಗಲಿ ಕಾಣಲಿಲ್ಲ. ಕೈಗೆ ರಿಪೇರಿ ಪಟ್ಟಿ ಇದ್ದುದರಿಂದ ಚೌಕಾಸಿಯಲ್ಲಿ ಎಳೆದಾಟವಾಗಲಿಲ್ಲ. ಪಂಪ್ ಮತ್ತು ಟಯರ್ ಖರ್ಚು ಕಳೆದು ಐವತ್ತೆರಡೂವರೆಗೆ ಒಪ್ಪಿದರು.

ಕೊಂಡ ಮೇಲೆ

ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಅಂದೇ ಸಹಿ ಆಯಿತು. ಒಂದೇ ರಾಜ್ಯದೊಳಗಾದರೆ ಹದಿನಾಲ್ಕು ದಿನದೊಳಗೆ ವರ್ಗಾವಣೆ ತಿಳಿಸಬೇಕು. ಇನ್ಶೂರೆನ್ಸ್ ವರ್ಗಾವಣೆಗೂ ಅಷ್ಟೇ ಗಡುವು. ಅನೇಕರು ಆರ್‌ಸಿ ಹಿಂದೆ ಬಿದ್ದು ಇದನ್ನು ಮರೆಯುತ್ತಾರೆ. ಐದು ವರ್ಷ ದಾಟಿದ ಕಾರಿಗೆ ವಿಮೆಯ ಮೌಲ್ಯ ನಿಗದಿಯಾಗುವುದು ಕಂಪನಿ ಮತ್ತು ಮಾಲೀಕರ ಒಪ್ಪಂದದ ಮೇಲೆ. ಮೊದಲು ಹೇಳಿದ ಮೌಲ್ಯ ತೀರಾ ಕಡಿಮೆ ಇತ್ತು. ತಪಾಸಣೆಯ ವರದಿ, ಬಿಲ್ಲುಗಳನ್ನು ಮುಂದಿಟ್ಟು ಮಾತಾಡಿದ ಮೇಲೆ ನಲವತ್ತೆಂಟು ಲಕ್ಷಕ್ಕೆ ಏರಿತು. ಮಳೆಗಾಲದಲ್ಲಿ ಅಂಡರ್‌ಪಾಸ್‌ಗಳು ತುಂಬುವ ಊರಿನಲ್ಲಿ ಎಂಜಿನ್ ರಕ್ಷಣೆಯ ಸೇರ್ಪಡೆ ಬೇಕೇಬೇಕಿತ್ತು, ಇಷ್ಟು ಹಳೆ ಕಾರಿಗೆ ಅದನ್ನು ಕೊಡುವವರು ಸಿಗಲಿಲ್ಲ. ಹಾಗಾಗಿ ಜೋರು ಮಳೆಯ ದಿನ ಕಾರು ಹೊರಬರುವುದಿಲ್ಲ.

ಮೊದಲ ಆರು ತಿಂಗಳಲ್ಲಿ ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಕೂಲೆಂಟ್, ನಾಲ್ಕೂ ಟಯರ್, ಪಿಡಿಕೆ ಎಣ್ಣೆ ಬದಲಾದವು. ಟಯರ್ ಖರ್ಚೇ ಒಂದೂವರೆ ಲಕ್ಷ ದಾಟಿತು. ಎತ್ತಿಟ್ಟ ಆರು ಲಕ್ಷದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖಾಲಿ.

ಓಡಿಸುವುದನ್ನು ಕಲಿಯುವ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿಯೇ ಮಾತಾಡಿದೆ. ಎಂಜಿನ್ ನಡುವೆ ಇರುವ ಕಾರು ತಿರುವಿನಲ್ಲಿ ಬಹಳ ಹೊತ್ತು ರಸ್ತೆ ಕಚ್ಚಿಕೊಂಡಿರುತ್ತದೆ. ಬಿಟ್ಟಿತೆಂದರೆ ತಿರುಗುವುದೂ ಅಷ್ಟೇ ಬೇಗ. ಅರ್ಧ ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಜಾರುತ್ತದೆ. ಸ್ಟೆಬಿಲಿಟಿ ವ್ಯವಸ್ಥೆಯ ಗುಂಡಿ ಮುಟ್ಟಬೇಡ ಎಂದಿದ್ದೇನೆ. ಅವನು ಕೇಳಿಕೊಂಡ, ಏಕೆಂದರೆ ನಂದಿ ಬೆಟ್ಟದ ದಾರಿಯಲ್ಲಿ ಬೆಳಗಿನ ಜಾವ ಆಗುವ ಅಪಘಾತಗಳ ಸುದ್ದಿ ಅವನೂ ಓದಿದ್ದಾನೆ. ವೇಗದ ಆಸೆ ತೀರಿಸಿಕೊಳ್ಳಲು ಜಾಗ ಇದೆ: ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕ್, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ. ಸಾಮಾನ್ಯ ವಿಮೆ ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಬರುವುದಿಲ್ಲ, ಆದ್ದರಿಂದ ಮೊದಲ ಸಲ ಸ್ವಂತ ಕಾರು ಒಯ್ಯದೆ ತರಬೇತಿ ಶಾಲೆಯ ಕಾರಿನಲ್ಲೇ ಕಲಿಯುವುದೆಂದು ತೀರ್ಮಾನವಾಗಿದೆ.

ಇನ್ನು ಬಾಕಿ ಇರುವುದು ಎರಡು ಕೆಲಸ. ಮುಂದಿನ ಬ್ರೇಕ್ ಡಿಸ್ಕ್‌ಗಳ ಅಂಚು ಎದ್ದಿದೆ, ದಪ್ಪ ಇನ್ನೂ ಮಿತಿಯೊಳಗಿದೆ. ಮುಂದಿನ ಸರ್ವಿಸ್‌ನಲ್ಲಿ ಪ್ಯಾಡ್ ಜೊತೆ ಬದಲಾಯಿಸುವುದು. ಎರಡನೆಯದು 2029ರಲ್ಲಿ ಹದಿನೈದು ವರ್ಷ ತುಂಬಿದಾಗ ಬರುವ ನೋಂದಣಿ ನವೀಕರಣ. ಆಮದು ಕಾರಿಗೆ ಅದರ ಶುಲ್ಕ 2022ರಿಂದ ನಲವತ್ತು ಸಾವಿರ, ಮಾಮೂಲಿ ಕಾರಿಗಾದರೆ ಐದು ಸಾವಿರ. ತಮ್ಮ ಅದನ್ನೂ ಫೈಲಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾನೆ.